ಸುತ್ತ ನಿಂತವರ ಚರಿತ್ರೆ

ಕಳೆದ ಶ್ರಾವಣದಿಂದ ಪುಷ್ಯದವರೆಗೆ ನಾವು ನಾಲ್ಕೈದು ಮಂದಿ ವೃದ್ಧರು ಒಂದು ವಿಚಿತ್ರವಾದ ಯಾತ್ರೆಯನ್ನು ಕೈಕೊಂಡಿದ್ದೆವು. ನಮ್ಮ ಭಾಗದ ಕಾಲೇಜೊಂದರ ಹೆಣ್ಣುಮಕ್ಕಳ ವಾಲಿಬಾಲ್ ತಂಡವು ಎಲ್ಲೆಲ್ಲಿ ಆಡಲು ಹೋಯಿತೋ ಅಲ್ಲಿಗೆಲ್ಲ ಬುತ್ತಿ ಕಟ್ಟಿಕೊಂಡು, ಸರಕಾರಿ ಬಸ್ಸು ಹಿಡಿದು ಹೋದೆವು. ರೋಣ, ನರಗುಂದ, ಗಜೇಂದ್ರಗಡ, ಗದಗ, ಕಡೆಗೆ ಧಾರವಾಡ, ಇವೇ ನಮ್ಮ ಕ್ಷೇತ್ರಗಳಾದವು. ಇದನ್ನು ಕಂಡು ಮಿತ್ರರೊಬ್ಬರು, “ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿದವರಿಗೆ ಈ ವಯಸ್ಸಿನಲ್ಲಿ ಇದೇನು ಗೀಳು?” ಎಂದು ಕೇಳಿದರು. ಪ್ರಶ್ನೆಯು ಯುಕ್ತವಾದದ್ದೇ. ಆದರೆ ಅದರ ಉತ್ತರವನ್ನು ತುಸು ಹಿಂದಿನಿಂದ ಹೇಳಬೇಕಾಗುವದು. ಆಡಿದವರ ಚರಿತ್ರೆಯನ್ನು ಬರೆಯುವವರು ಅನೇಕರಿದ್ದಾರೆ. ಅಂಗಳದ ಸುತ್ತ ನಿಂತು ನೋಡಿದವರಿಗೂ ಒಂದು ಚರಿತ್ರೆಯುಂಟು. ಹೆಣ್ಣುಮಕ್ಕಳ ಆಟದ ಮಟ್ಟಿಗಂತೂ ಆ ಚರಿತ್ರೆಯು ಬಹಳ ಬೋಧಪ್ರದವಾಗಿರುವದು.

ಹೆಣ್ಣುಮಕ್ಕಳ ಚೆಂಡಾಟವನ್ನು ಬಹಿರಂಗವಾಗಿ ನೋಡುವದು ಈಚಿನ ಪಾಶ್ಚಾತ್ಯ ಪದ್ಧತಿಯೆಂದು ಹಲವರು ತಿಳಿದಿರುವರು. ಅದು ಸರಿಯಲ್ಲ. ದಂಡಿಯ ‘ದಶಕುಮಾರಚರಿತ’ದ ಆರನೆಯ ಉಚ್ಛ್ವಾಸದಲ್ಲಿ ಕಂದುಕಾವತಿಯೆಂಬ ರಾಜಪುತ್ರಿಯ ಕಥೆಯಿದೆ. ಸುಹ್ಮದೇಶದ ದಾಮಲಿಪ್ತ ನಗರದಲ್ಲಿ ಅವಳು ಏಳನೆಯ ವರ್ಷದಿಂದ ಮೊದಲುಗೊಂಡು ಮದುವೆಯಾಗುವ ವರೆಗೆ, ಪ್ರತಿ ತಿಂಗಳೂ ಕೃತ್ತಿಕಾ ನಕ್ಷತ್ರದ ದಿನ, ವಿಂಧ್ಯವಾಸಿನಿಯ ಪ್ರೀತ್ಯರ್ಥವಾಗಿ ಜನರೆಲ್ಲರ ಎದುರಿಗೆ ಚೆಂಡಾಡಬೇಕು. ಅದೇ ಕಂದುಕೋತ್ಸವ. ಚೂರ್ಣಪದ, ಗೀತಮಾರ್ಗ ಮೊದಲಾದ ಪಾರಿಭಾಷಿಕ ಶಬ್ದಗಳಿಂದ ಕವಿಯು ಆಕೆಯ ಹೊಡೆತಗಳನ್ನೂ ಹೆಜ್ಜೆಗಳನ್ನೂ ವರ್ಣಿಸುವನು. ಆಟಕ್ಕೆ ಶಾಸ್ತ್ರವಿತ್ತು, ನೋಡಲು ಜನರೂ ಇದ್ದರು. ಆದರೆ ಆ ಕಥೆಯನ್ನು ಹೇಳುವ ಮಿತ್ರಗುಪ್ತನ ಕಣ್ಣು ಚೆಂಡಿನ ಮೇಲೆ ಎಷ್ಟು ಹೊತ್ತು ನಿಂತಿತು? ಆಡುವವಳ ಕಣ್ಣು, ಕೇಶ, ಕಟಿಗಳ ಕಡೆಗೇ ಅದು ಮರಳಿ ಮರಳಿ ಹೋಗುವದು. ಅವನು ಸೌಂದರ್ಯವನ್ನು ನೋಡಲು ಬಂದಿದ್ದನು; ಆಟವು ಅದಕ್ಕೊಂದು ನಿಮಿತ್ತವಾಯಿತು.

ನಮ್ಮ ನಾಡಿಗೆ ಬಂದರೆ ಬೇರೊಂದು ಬಗೆಯ ನೋಟವೂ ಕಾಣುವದು. ಗಜೇಂದ್ರಗಡಕ್ಕೆ ಸಮೀಪವಾದ ಸೂಡಿಯ ೧೦೧೦ರ ಶಾಸನದಲ್ಲಿ, ಚಾಲುಕ್ಯ ರಾಜಕುಮಾರಿಯಾದ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳೆಂದು ಹೇಳಿದೆ. ಆಕೆ ರಣದಲ್ಲಿ ಭೈರವಿಯೆನಿಸಿಕೊಂಡವಳು. ೧೦೪೭ರಲ್ಲಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಯನ್ನು ಮುತ್ತಿದವಳು. ವಿಜಯನಗರದ ಅರಮನೆಯಲ್ಲಿ ಮಲ್ಲಯುದ್ಧ ಮಾಡುವ ಹೆಂಗಸರೂ ಲೆಕ್ಕಪತ್ರ ಬರೆಯುವ ಹೆಂಗಸರೂ ಇದ್ದರೆಂದು ಪೋರ್ತುಗೀಜ ವರ್ತಕನಾದ ನೂನಿಜನು ಸುಮಾರು ೧೫೩೫ರಲ್ಲಿ ಬರೆದಿರುವನು. ಹೆಣ್ಣಿನ ಬಲವನ್ನು ಬಲವೆಂದೇ ಕಂಡು ಕಲ್ಲಿನಲ್ಲಿ ಕೊರೆಯಿಸುವ ಕಣ್ಣು ಈ ಎರೆಯ ಸೀಮೆಯಲ್ಲಿ ಒಂದು ಕಾಲಕ್ಕೆ ಇದ್ದಿತು. ನಡುವೆ ಅದು ಮಂಕಾಯಿತೆಂಬದರಲ್ಲಿ ಸಂಶಯವಿಲ್ಲ.

ಇನ್ನು ವಾಲಿಬಾಲ್ ಆಟದ ಸಂಗತಿ. ೧೮೯೫ರಲ್ಲಿ ಅಮೇರಿಕೆಯ ಮ್ಯಾಸಚುಸೆಟ್ಸ್ ಪ್ರಾಂತದ ಹೋಲಿಯೋಕ್ ಎಂಬ ಊರಿನಲ್ಲಿ, ಕ್ರೈಸ್ತ ತರುಣರ ಸಂಘವಾದ ವೈ.ಎಂ.ಸಿ.ಎ.ಯ ವ್ಯಾಯಾಮ ಶಿಕ್ಷಕನಾದ ವಿಲಿಯಂ ಮಾರ್ಗನ್ ಎಂಬವನು ಇದನ್ನು ಕಲ್ಪಿಸಿದನು. ಬಾಸ್ಕೆಟ್‌ಬಾಲಿನ ನೂಕುನುಗ್ಗಲನ್ನು ತಾಳಲಾರದ ನಡುವಯಸ್ಸಿನ ವ್ಯಾಪಾರಿಗಳಿಗಾಗಿ ಮಾಡಿದ ಸೌಮ್ಯವಾದ ಆಟವಿದು! ಅಂದಮೇಲೆ ನಮ್ಮಂಥ ಮುದುಕರಿಗೆ ಇದರ ಮೇಲೆ ಅಧಿಕಾರವಿಲ್ಲವೆಂದು ಯಾರು ಹೇಳಬಲ್ಲರು? ಅದೇ ಸಂಘದವರು ಇದನ್ನು ಹಿಂದುಸ್ಥಾನಕ್ಕೂ ತಂದರು. ೧೯೨೦ರಲ್ಲಿ ಹ್ಯಾರಿ ಬಕ್ ಎಂಬವರು ಮದ್ರಾಸಿನಲ್ಲಿ ಸ್ಥಾಪಿಸಿದ ವ್ಯಾಯಾಮ ಶಿಕ್ಷಣದ ಕಾಲೇಜಿನಲ್ಲಿ ಕಲಿತ ಶಿಕ್ಷಕರು ಇಂಥ ಆಟಗಳನ್ನು ಶಾಲೆಶಾಲೆಗೆ ಒಯ್ದರು. ೧೯೫೧ರಲ್ಲಿ ಭಾರತದ ವಾಲಿಬಾಲ್ ಒಕ್ಕೂಟವು ಹುಟ್ಟಿತು.

ಬಡ ಊರುಗಳಿಗೆ ಇದಕ್ಕಿಂತ ಒಗ್ಗುವ ಆಟವಿಲ್ಲ. ಎರಡು ಕಂಬ, ಒಂದು ಬಲೆ, ಒಂದು ಚೆಂಡು, ಹದಿನೆಂಟು ಮೀಟರ ಉದ್ದ ಒಂಬತ್ತು ಮೀಟರ ಅಗಲದ ನೆಲ, ಇಷ್ಟೇ ಸಾಕು. ಹೆಣ್ಣುಮಕ್ಕಳಿಗೆ ಬಲೆಯ ಎತ್ತರವು ೨.೨೪ ಮೀಟರ. ಒಂದೊಂದು ಕಡೆಗೆ ಆರು ಜನರು. ಮೂರು ಸ್ಪರ್ಶದೊಳಗಾಗಿ ಚೆಂಡನ್ನು ಆಚೆಗೆ ದಾಟಿಸಬೇಕು. ಒಬ್ಬಳೇ ಎರಡು ಸಲ ಸಾಲಾಗಿ ಮುಟ್ಟುವಂತಿಲ್ಲ. ಈ ಕಡೆಯ ನಿಯಮದಲ್ಲಿಯೇ ಆಟದ ಧರ್ಮವಿದೆ. ಎಷ್ಟೇ ಗಟ್ಟಿಗಳಾದರೂ ಒಬ್ಬಳಿಂದ ಇದು ಸಾಗದು. ತನಗೆ ಬಂದುದನ್ನು ಮತ್ತೊಬ್ಬಳಿಗೆ ಅನುಕೂಲವಾಗುವಂತೆ ಎತ್ತಿಕೊಡಲೇಬೇಕು.

ಈ ಆಟದ ಪ್ರೇಕ್ಷಕರ ಚರಿತ್ರೆಯಲ್ಲಿ ಎರಡು ದಿನಗಳು ಮುಖ್ಯವಾದವು. ಮೊದಲನೆಯದು ೧೯೬೪ನೆಯ ಅಕ್ಟೋಬರ ೨೩. ಆ ವರ್ಷದ ಟೋಕಿಯೋ ಓಲಿಂಪಿಕದಲ್ಲಿ ವಾಲಿಬಾಲ್ ಮೊದಲ ಬಾರಿಗೆ ಸೇರಿತು. ಓಲಿಂಪಿಕದಲ್ಲಿ ಸ್ತ್ರೀಯರು ತಂಡ ಕಟ್ಟಿ ಆಡಿದ ಚೆಂಡಾಟಗಳಲ್ಲಿ ಅದೇ ಮೊದಲಿನದು. ಜಪಾನಿನ ತಂಡದಲ್ಲಿ ಬಹುಮಂದಿ ಓಸಾಕಾದ ಹತ್ತಿರದ ಕೈಜುಕಾ ಎಂಬಲ್ಲಿಯ ಬಟ್ಟೆಯ ಗಿರಣಿಯ ನೌಕರರು. ಹಗಲು ಗಿರಣಿಯ ಕೆಲಸ, ತರುವಾಯ ನಡುರಾತ್ರಿಯ ವರೆಗೆ ಅಭ್ಯಾಸ. ಅಂದು ಅವರು ಸೋವಿಯತ್ ತಂಡವನ್ನು ಮೂರು ಸೆಟ್ಟುಗಳಲ್ಲಿ ಸೋಲಿಸಿದರು. ಟೋಕಿಯೋ ಪ್ರಾಂತದ ಮನೆಗಳಲ್ಲಿ ನೂರಕ್ಕೆ ೬೬.೮ರಷ್ಟು ಜನರು ಅದನ್ನು ದೂರದರ್ಶನದಲ್ಲಿ ನೋಡಿದರೆಂದು ಎಣಿಕೆಯಾಗಿದೆ. ಆದರೆ ಈ ಕೀರ್ತಿಗೆ ಇನ್ನೊಂದು ಮುಖವೂ ಉಂಟು. ೧೯೬೨ರಲ್ಲಿ ಜಗತ್ತಿನ ಚಾಂಪಿಯನ್ನರಾದ ಬಳಿಕ ಆಟ ಬಿಟ್ಟು ಸಂಸಾರ ಹೂಡಬೇಕೆಂದು ಅವರಲ್ಲಿ ಅನೇಕರ ಆಶೆಯಿತ್ತು. ದೇಶದ ಜನರ ಒತ್ತಾಯವೇ ಅವರನ್ನು ಇನ್ನೆರಡು ವರ್ಷ ಅಂಗಳದಲ್ಲಿ ನಿಲ್ಲಿಸಿತು. ನೋಡುವವರ ಪ್ರೀತಿಯು ಆಡುವವರಿಗೆ ಋಣವೂ ಆಗಬಹುದೆಂಬದನ್ನು ನಾವು ಮರೆಯಬಾರದು.

ಎರಡನೆಯದು ೨೦೨೩ನೆಯ ಆಗಸ್ಟ ೩೦. ಅಮೇರಿಕೆಯ ನೆಬ್ರಾಸ್ಕಾ ಎಂಬುದು ನಮ್ಮ ಜೋಳದ ಸೀಮೆಯಂತೆ ಒಕ್ಕಲುತನದ ಸೀಮೆ, ಅಲ್ಲಿಯದು ಗೋವಿನಜೋಳ. ಅಲ್ಲಿಯ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ವಾಲಿಬಾಲ್ ಪಂದ್ಯಗಳ ಟಿಕೀಟುಗಳೆಲ್ಲ ೨೦೦೧ರಿಂದ ಸತತವಾಗಿ ಮಾರಿಹೋಗುತ್ತ ಬಂದಿವೆ. ಆ ದಿನ ಲಿಂಕನ್ ಪಟ್ಟಣದ ದೊಡ್ಡ ಫುಟ್‌ಬಾಲ್ ಅಂಗಳದ ನಡುವೆ ಬಲೆ ಕಟ್ಟಿ ಆಡಿಸಿದರು. ೯೨,೦೦೩ ಜನರು ಕೂಡಿದರು. ಹೆಂಗಸರ ಆಟವೊಂದಕ್ಕೆ ಅಷ್ಟು ಜನರು ಕೂಡಿದ್ದನ್ನು ಅಮೇರಿಕೆಯು ಅದುವರೆಗೆ ಕಂಡಿರಲಿಲ್ಲ. ಅದೇ ಡಿಸೆಂಬರದಲ್ಲಿ ಆ ತಂಡವು ಅಂತಿಮ ಪಂದ್ಯದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ತಂಡಕ್ಕೆ ನೇರವಾಗಿ ಸೋತಿತು. ಆದರೂ ಜನರು ಬರುವದನ್ನು ಬಿಡಲಿಲ್ಲ. ಇದು ಒಂದು ದಿನದಲ್ಲಿ ಆದದ್ದಲ್ಲ. ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಗಂಡು ಹೆಣ್ಣೆಂಬ ಭೇದ ಮಾಡಲಾಗದೆಂದು ೧೯೭೨ರಲ್ಲಿ ಅಲ್ಲಿ ಕಾಯಿದೆಯಾಯಿತು. ಅದರ ಬಲದಿಂದ ಹುಡುಗಿಯರಿಗೆ ಅಂಗಳ ದೊರೆಯಿತು. ಅಂಗಳ ದೊರೆತ ಮೇಲೆ ತಾಯಿತಂದೆಗಳು ಮಕ್ಕಳನ್ನು ಕರೆತಂದರು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಕರೆತಂದರು.

ನಮ್ಮ ಕನ್ನಡ ನಾಡಿನಲ್ಲಿಯೂ ಪ್ರತಿಭೆಗೆ ಬರವಿಲ್ಲ. ಕಾರ್ಕಳ ತಾಲೂಕಿನ ಹಳ್ಳಿಯಿಂದ ಬಂದ ಮಮತಾ ಪೂಜಾರಿಯವರು ಶಾಲೆಯಲ್ಲಿ ವಾಲಿಬಾಲನ್ನೂ ಆಡಿದವರು. ಮುಂದೆ ಕಬಡ್ಡಿಯಲ್ಲಿ ೨೦೧೦ ಮತ್ತು ೨೦೧೪ರ ಏಶಿಯನ್ ಕ್ರೀಡೆಗಳ ಚಿನ್ನವನ್ನು ಗೆದ್ದ ಭಾರತ ತಂಡಗಳಲ್ಲಿದ್ದು, ೨೦೧೪ರ ಅರ್ಜುನ ಪ್ರಶಸ್ತಿಯನ್ನು ಪಡೆದರು. ನಮ್ಮ ಗದಗ ಜಿಲ್ಲೆಯ ಕಾಲೇಜುಗಳ ಹುಡುಗಿಯರಿಗೂ ದಾರಿಯುಂಟು: ಅಂತರಕಾಲೇಜು ಪಂದ್ಯಗಳು, ಅಲ್ಲಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ದಕ್ಷಿಣ ವಲಯದ ಅಂತರವಿಶ್ವವಿದ್ಯಾಲಯ ಪಂದ್ಯ. ದಾರಿಯಿದ್ದರೂ ಬೀಳ್ಕೊಡಲು ಬರುವವರು ಕಡಿಮೆ.

ಇಲ್ಲಿ ನನ್ನ ಸ್ವಂತದ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಮೂವತ್ತು ವರ್ಷಗಳ ಹಿಂದೆ ನಾನು ಶಿಕ್ಷಕನಾಗಿದ್ದಾಗ, ನೇಕಾರರೊಬ್ಬರು ತಮ್ಮ ಮಗಳನ್ನು ಪರಸ್ಥಳದ ಆಯ್ಕೆಯ ಪಂದ್ಯಕ್ಕೆ ಕಳಿಸಬಹುದೇ ಎಂದು ಕೇಳಲು ಬಂದರು. ಹುಡುಗಿಯು ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದಳಂತೆ. ನಾನು ಅವಳ ಆಟವನ್ನು ಒಂದು ದಿನವೂ ನಿಂತು ನೋಡಿದವನಲ್ಲ. ಆದರೂ ದೊಡ್ಡ ವಿವೇಕಿಯಂತೆ, “ಬೇಡ, ಜನರ ಬಾಯಿಗೆ ಯಾಕೆ ಕೊಡುವಿರಿ?” ಎಂದುಬಿಟ್ಟೆ. ಅವರು ಗುರುವಿನ ಮಾತೆಂದು ನಡೆಯಿಸಿದರು. ಮರುವರ್ಷ ಅವಳ ಮದುವೆಯಾಯಿತು.

ಈ ವರ್ಷದ ಕಾರ್ತಿಕದಲ್ಲಿ ಗಜೇಂದ್ರಗಡದ ಪಂದ್ಯಕ್ಕೆ ಹೋದಾಗ, ಗೆರೆಯ ಬದಿಯಲ್ಲಿ ಹೆಗಲಿಗೆ ಸೆರಗು ಬಿಗಿದು ನಿಂತ ಹೆಂಗಸೊಬ್ಬಳು ನನ್ನನ್ನು ಗುರುತಿಸಿ ನಮಸ್ಕರಿಸಿದಳು. ಅವಳೇ. ನಾನು ಮಾತಿಗೆ ತಡವರಿಸುತ್ತಿರಲು ಅವಳ ದೃಷ್ಟಿಯು ಅಂಗಳಕ್ಕೆ ತಿರುಗಿತು. “ಗುರುಗಳ, ನಮ್ಮ ಹಿಂದಿನ ಸಾಲಿನ ಹುಡುಗಿ ನೋಡ್ರಿ. ಚೆಂಡು ನೋಡಾಕತ್ತಿಲ್ಲ, ಎದುರಿನಾಕಿ ಭುಜಾ ನೋಡಾಕತ್ತ್ಯಾಳ. ಈಗ ಚೆಂಡು ಮುಂದ ಬೀಳತೈತಿ, ಆಕಿ ಎತ್ತತಾಳ” ಎಂದಳು. ಹಾಗೆಯೇ ಆಯಿತು. ಚೆಂಡು ಮುಂದೆಯೇ ಇಳಿಯಿತು. ಹುಡುಗಿಯು ನೆಲಕ್ಕೆ ಬಿದ್ದು ಅದನ್ನು ಎತ್ತಿದಳು. ನಾನು ಆ ತನಕ ಐದು ಪಂದ್ಯಗಳನ್ನು ನೋಡಿದ್ದರೂ ಯಾರೂ ಭುಜವನ್ನು ನೋಡುತ್ತಿರುವದನ್ನು ಕಂಡಿರಲಿಲ್ಲ. ಹಳೆಯ ಮಾತನ್ನು ಅವಳು ಎತ್ತಲೇ ಇಲ್ಲ. ಎತ್ತಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಪ್ರೇಕ್ಷಕನಿಗೂ ಲಕ್ಷಣಗಳುಂಟೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ಪಾತ್ರದ ಹರ್ಷದಲ್ಲಿ ಹರ್ಷವನ್ನೂ ದುಃಖದಲ್ಲಿ ದುಃಖವನ್ನೂ ಹೊಂದುವವನೇ ಅವನ ಮತದಲ್ಲಿ ನಿಜವಾದ ಪ್ರೇಕ್ಷಕನು. ಈ ಶ್ಲೋಕಗಳನ್ನು ನಾನು ಹದಿನಾರನೆಯ ವರ್ಷದಲ್ಲಿಯೇ ಕಂಠಪಾಠ ಮಾಡಿದ್ದೆ. ಅವುಗಳ ಅರ್ಥವನ್ನು ನನ್ನಿಂದ ಆಟ ಕಳೆದುಕೊಂಡ ಶಿಷ್ಯೆಯೊಬ್ಬಳು ಗಜೇಂದ್ರಗಡದ ಧೂಳಿನಲ್ಲಿ ಹೇಳಿಕೊಟ್ಟಳು.

ಧಾರವಾಡದಲ್ಲಿ ನಮ್ಮ ಹುಡುಗಿಯರು ಸೋತರು. ಮೂರನೆಯ ಸೆಟ್ಟಿನ ವರೆಗೆ ಎಳೆದಾಡಿ ಸೋತರು. ಮರಳಿ ಬರುವಾಗ ಬಸ್ಸಿನಲ್ಲಿ ಒಬ್ಬಳು ನಮ್ಮ ಕಡೆಗೆ ತಿರುಗಿ, “ಅಜ್ಜಾರ, ಬರೂ ವರ್ಷಾನೂ ಬರ್ತೀರಿಲ್ಲೋ?” ಎಂದು ಕೇಳಿದಳು. ಅವಳು ಕಡೆಯ ವರ್ಷದ ವಿದ್ಯಾರ್ಥಿನಿ. ಬರುವ ವರ್ಷ ಅವಳಿಗೇ ತಂಡವಿಲ್ಲ, ಪದವಿಯೊಡನೆ ಆಟವೂ ಮುಗಿಯುವದು. ನಾವು ಬರುವೆವೆಂದು ಹೇಳಿದೆವು.

ಮಿತ್ರರ ಪ್ರಶ್ನೆಗೆ ನನ್ನ ಉತ್ತರವಿಷ್ಟೇ. ವಾಚಕರಲ್ಲಿ ಮನೆಯಲ್ಲಿ ಆಡುವ ಹುಡುಗಿಯಿರುವವರು, ಅನುಮತಿಯನ್ನು ಕೊಡುವ ಅಥವಾ ನಿರಾಕರಿಸುವ ಮುನ್ನ, ಒಂದು ಸಂಜೆ ಹೋಗಿ ಗೆರೆಯ ಬದಿಗೆ ನಿಂತು ಅವಳ ಆಟವನ್ನು ನೋಡಬೇಕೆಂದು ಬೇಡುತ್ತೇನೆ. ನಾನು ಆ ಒಂದು ಸಂಜೆಯನ್ನು ಉಳಿಸಿಕೊಂಡೆ. ಅದರ ಬೆಲೆಯನ್ನು ತೆತ್ತವಳು ಮತ್ತೊಬ್ಬಳು.