ಕಾಲೇಜು ಫುಟ್‌ಬಾಲ್ ಆಟಗಾರರ ವಿಶ್ವವಿದ್ಯಾಲಯ ಆಯ್ಕೆ

ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿಭಾವಂತ ಪ್ರೌಢಶಾಲಾ ಫುಟ್‌ಬಾಲ್ ಆಟಗಾರರಿಗೆ ವಿಶ್ವವಿದ್ಯಾಲಯಗಳು ವಿದ್ಯಾರ್ಥಿವೇತನ ನೀಡಿ ಆಹ್ವಾನಿಸುತ್ತವೆ. ಅವುಗಳಲ್ಲಿ ಒಂದನ್ನು ಆರಿಸುವಾಗ ಆಟಗಾರರು ಕ್ರೀಡೆ ಮತ್ತು ವ್ಯಾಸಂಗ ಎರಡನ್ನೂ ತೂಗಿ ನೋಡಬೇಕಾಗುತ್ತದೆ. ಇಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡಾಟವಲ್ಲ, ಅಮೇರಿಕನ್ ಫುಟ್‌ಬಾಲ್.

ತರಬೇತುದಾರರು, ತಂಡದಲ್ಲಿ ಆಡುವ ಅವಕಾಶ ಮತ್ತು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಸೇರುವ ಆಸೆ ಆಯ್ಕೆಯ ಮೇಲೆ ಪ್ರಭಾವ ಬೀರುತ್ತವೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು ಹಾಗೂ ಚಿತ್ರದ ಬಳಕೆಗೆ ಹಣ ಪಡೆಯಬಹುದಾದ್ದರಿಂದ ಆದಾಯವೂ ಗಣನೆಗೆ ಬಂದಿದೆ. ಆದರೆ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಅಂದಾಜಿನಂತೆ, ಅರ್ಹ ಆಟಗಾರರಲ್ಲಿ ಎನ್‌ಎಫ್‌ಎಲ್ ತಂಡಗಳ ವಾರ್ಷಿಕ ಆಯ್ಕೆಯಲ್ಲಿ ಸ್ಥಾನ ಪಡೆಯುವವರು ಶೇ. 2ಕ್ಕಿಂತ ಕಡಿಮೆ.

ಸಂಸ್ಥೆಯ ಶೈಕ್ಷಣಿಕ ಕೀರ್ತಿಗಿಂತ, ಬಯಸಿದ ವಿಷಯವನ್ನು ಓದಲು ಸಮಯ ದೊರೆಯುವುದೇ ಎಂಬುದು ಹೆಚ್ಚು ನಿರ್ಣಾಯಕ. ಎನ್‌ಸಿಎಎ ವಾರಕ್ಕೆ 20 ಗಂಟೆಗಳ ಮಿತಿ ವಿಧಿಸಿದ್ದರೂ ಪ್ರಯಾಣ, ಚಿಕಿತ್ಸೆ ಮತ್ತು ಐಚ್ಛಿಕವೆಂದು ಹೆಸರಿಸಿದ ವ್ಯಾಯಾಮ ಅದರ ಲೆಕ್ಕಕ್ಕೆ ಬರುವುದಿಲ್ಲ. ವ್ಯಾಸಂಗಕ್ಕೆ ಹೆಸರಾದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲೇ ಆಟಗಾರರು ಪಂದ್ಯಗಳ ಋತುವಿನಲ್ಲಿ ವಾರಕ್ಕೆ 40ರಿಂದ 50 ಗಂಟೆ ಫುಟ್‌ಬಾಲ್‌ಗೆ ವ್ಯಯಿಸುತ್ತಾರೆಂದು ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯ ಪ್ರಾದೇಶಿಕ ನಿರ್ದೇಶಕರು 2014ರಲ್ಲಿ ದಾಖಲಿಸಿದರು. ವೈದ್ಯರಾಗಬಯಸಿದ್ದ ಅಲ್ಲಿನ ಆಟಗಾರ ಕೇನ್ ಕೋಲ್ಟರ್, ರಸಾಯನಶಾಸ್ತ್ರದ ತರಗತಿಯು ಬೆಳಗಿನ ತಾಲೀಮಿನ ವೇಳೆಗೇ ಬಂದುದರಿಂದ ತೊಡಕಾಯಿತೆಂದೂ ಕೊನೆಗೆ ಮನಶ್ಶಾಸ್ತ್ರವನ್ನು ಆರಿಸಿಕೊಂಡೆನೆಂದೂ ಆ ವಿಚಾರಣೆಯಲ್ಲಿ ತಿಳಿಸಿದರು. ಇದಕ್ಕೆ ಭಿನ್ನವಾಗಿ, ಫುಟ್‌ಬಾಲ್‌ಗೇ ಪ್ರಸಿದ್ಧವಾದ ಫ್ಲೋರಿಡಾ ಸ್ಟೇಟ್ ಸೇರಿದ್ದ ಮೈರನ್ ರೋಲ್ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ನಲ್ಲಿ ಓದಿ, ಮುಂದೆ ನರಶಸ್ತ್ರಚಿಕಿತ್ಸಕರಾದರು.

2018ರಲ್ಲಿ ಆರಂಭವಾದ ವರ್ಗಾವಣೆ ಪೋರ್ಟಲ್ ಸಂಸ್ಥೆ ಬದಲಿಸುವುದನ್ನು ಸುಲಭಗೊಳಿಸಿದೆ. ಆದರೂ ಗಳಿಸಿದ ಎಲ್ಲ ಕ್ರೆಡಿಟ್‌ಗಳನ್ನು ಹೊಸ ವಿಶ್ವವಿದ್ಯಾಲಯವು ಮಾನ್ಯ ಮಾಡಬೇಕೆಂದಿಲ್ಲ.