ಮನೆಯಂಗಳದ ಪೂರ್ವೋತ್ತರ

ಮನೆಯ ಅಂದವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಗೋಡೆ, ಬಾಗಿಲು, ಹಜಾರಗಳನ್ನೇ ನೆನೆಯುತ್ತೇವೆ. ಮನೆಗೂ ಬೀದಿಗೂ ನಡುವಣ ನಾಲ್ಕು ಮೊಳ ನೆಲವನ್ನು ಮರೆಯುತ್ತೇವೆ. ಆದರೆ ನಮ್ಮ ಜನ ಹೇಗೆ ಬಾಳಿದರು, ಯಾವುದನ್ನು ಚೆಲುವೆಂದು ಬಗೆದರು ಎಂಬುದಕ್ಕೆ ಆ ನೆಲವು ಒಳ್ಳೆಯ ಸಾಕ್ಷಿ. ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ಪರಾಮರ್ಶಿಸೋಣ.

ಗಿಡ ಬೆಳೆಸುವ ವಿದ್ಯೆಯು ನಮಗೆ ಹೊಸತಲ್ಲ. ಕ್ರಿ. ಶ. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ವೃಕ್ಷಾಯುರ್ವೇದವು ನಿರೂಪಿತವಾಗಿದೆ. ಮನೆ ಕಟ್ಟುವ ವಾಸ್ತು, ನೆಲದೊಳಗಣ ನೀರನ್ನು ಗುರುತಿಸುವ ಬಗೆ, ಅಡುಗೆಯ ಸೂಪಶಾಸ್ತ್ರ—ಇವೂ ಅದೇ ಗ್ರಂಥದಲ್ಲಿ ಸೇರಿವೆ. ಮನೆ, ಬಾವಿ, ಗಿಡ, ಒಲೆ ಈ ನಾಲ್ಕೂ ಒಂದೇ ಬಾಳಿನ ಅಂಗಗಳೆಂಬ ದೃಷ್ಟಿಯನ್ನು ಇಲ್ಲಿ ಕಾಣಬಹುದು.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಈ ದೃಷ್ಟಿಯೇ ರೂಪುಗೊಂಡಿತ್ತು. ಮುಂದೆ ಸಗಣಿ ಸಾರಿಸಿ ರಂಗವಲ್ಲಿ ಇಟ್ಟ ಅಂಗಳ, ತುಳಸೀಕಟ್ಟೆ; ಹಿಂದೆ ಹಿತ್ತಲು. ಬಾವಿಯ ಬಳಿ ಕರಿಬೇವು, ಬೇಲಿಯಂಚಿನಲ್ಲಿ ನುಗ್ಗೆ, ಬಚ್ಚಲ ನೀರು ಹರಿಯುವೆಡೆಯಲ್ಲಿ ಬಾಳೆ, ಪೂಜೆಗೆ ದಾಸವಾಳ, ನಂದಿಬಟ್ಟಲು, ಪಾರಿಜಾತ, ಮುಡಿಗೆ ಮಲ್ಲಿಗೆ. ಕೇವಲ ಅಲಂಕಾರಕ್ಕೆಂದು ನೆಟ್ಟ ಗಿಡ ಅಲ್ಲಿ ವಿರಳ. ಆದರೂ ಆ ಹಿತ್ತಲು ಅಂದಗೆಟ್ಟಿರಲಿಲ್ಲ. ಪ್ರತಿಯೊಂದು ಗಿಡವೂ ತನ್ನ ಕೆಲಸಕ್ಕೆ ತಕ್ಕ ಎಡೆಯಲ್ಲಿದ್ದುದೇ ಅದರ ಅಂದವಾಗಿತ್ತು.

ನೋಟಕ್ಕಾಗಿಯೇ ತೋಟ ಮಾಡುವ ಅಭಿರುಚಿ ಮೊದಲು ಅರಮನೆಯವರದು. ಹೈದರಾಲಿಯು ೧೭೬೦ರಲ್ಲಿ ಆರಂಭಿಸಿದ ಲಾಲ್‌ಬಾಗು ಅದಕ್ಕೆ ನಿದರ್ಶನ. ಈ ಅಭಿರುಚಿಯನ್ನು ಗೃಹಸ್ಥರ ಬಾಗಿಲಿಗೆ ತಂದುದು ಬೆಂಗಳೂರು ದಂಡಿನ ಬಂಗಲೆ. ವಿಶಾಲವಾದ ಕಾಂಪೌಂಡಿನ ನಡುವೆ ಮನೆ, ಅದರ ಮುಂದೆ ಹುಲ್ಲುಹಾಸು, ಮೆಟ್ಟಿಲ ಇಕ್ಕೆಲಗಳಲ್ಲಿ ಹೂಕುಂಡಗಳ ಸಾಲು. ೧೮೯೮ರ ಪ್ಲೇಗಿನ ತರುವಾಯ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದ ಕುಟುಂಬಗಳು ಎರಡು ಸಂಪ್ರದಾಯಗಳನ್ನೂ ಕೂಡಿಸಿಕೊಂಡವು: ಮುಂದೆ ಕ್ರೋಟನ್ ಕುಂಡ ಮತ್ತು ಗುಲಾಬಿ, ಹಿಂದೆ ತೆಂಗು ಮತ್ತು ನುಗ್ಗೆ.

೧೯೦೮ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತಜ್ಞರಾದ ಜಿ. ಎಚ್. ಕ್ರುಂಬಿಗಲ್ಲರು ಇನ್ನೊಂದು ಪಾಠವನ್ನು ಕಲಿಸಿದರು. ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಮತ್ತೊಂದು ಅರಳುವಂತೆ ಅವರು ಬೀದಿಮರಗಳನ್ನು ಆರಿಸಿ ನೆಡಿಸಿದರು. ಹಾಗೆ ನಗರದ ಶೋಭೆಗೆ ವರ್ಷದ ಹನ್ನೆರಡು ತಿಂಗಳೂ ಪಾಲು ದೊರೆಯಿತು.

ಹೊರಗಿನ ಗಿಡಗಳಿಂದ ನಮ್ಮತನ ಕೆಡುವುದೆಂದು ಅಂಜುವವರುಂಟು. ಹಬ್ಬದಂದು ನಾವು ಬಾಗಿಲಿಗೆ ಕಟ್ಟುವ ಚೆಂಡುಹೂವಿನ ತೌರು ಮೆಕ್ಸಿಕೋ, ಸೇವಂತಿಗೆಯದು ಚೀನಾ, ಬೆಂಗಳೂರು ಬದನೆಯೆಂದೇ ಹೆಸರಾದ ಸೀಮೆಬದನೆಯೂ ಅಮೆರಿಕ ಖಂಡದಿಂದ ಬಂದುದು. ಬಂದ ಗಿಡವು ಇಲ್ಲಿಯ ಮಣ್ಣಿಗೆ ಒಗ್ಗಿ, ಇಲ್ಲಿಯವರ ಬಾಳಿನಲ್ಲಿ ಒಂದು ಕೆಲಸವನ್ನು ಪಡೆದರೆ ನಮ್ಮದೇ ಆಗುತ್ತದೆ. ಪಡೆಯದಿದ್ದರೆ ನೀರು ಬೇಡುವ ಅತಿಥಿಯಾಗಿಯೇ ಉಳಿಯುತ್ತದೆ.

ಆದರೆ ಇಂದು ನಗರಗಳಲ್ಲಿ ಎದುರಾಗಿರುವ ಅಪಾಯವೇ ಬೇರೆ. ಯಾವ ಗಿಡವನ್ನು ನೆಡಬೇಕೆಂಬ ಪ್ರಶ್ನೆ ಹಿಂದಾಗಿ, ನೆಡಲು ನೆಲವೇ ಉಳಿಯುವುದೇ ಎಂಬ ಪ್ರಶ್ನೆ ಮುಂದೆ ಬಂದಿದೆ. ಅನೇಕ ಕಡೆ ಕಟ್ಟಡವು ನಿವೇಶನದ ಅಂಚನ್ನು ಮುಟ್ಟಿದೆ. ಮಿಕ್ಕ ನೆಲವನ್ನು ವಾಹನಕ್ಕಾಗಿ ಸಿಮೆಂಟಿನಿಂದ ಮುಚ್ಚಲಾಗಿದೆ. ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನದ ಮೇಲೆ ಒಂದಂಗುಲ ಮಳೆ ಸುರಿದರೆ ೧೦೦ ಘನ ಅಡಿ, ಎಂದರೆ ಸುಮಾರು ೨,೮೦೦ ಲೀಟರು ನೀರು ಬಿದ್ದಂತಾಯಿತು. ಇಂಗಲು ಎಡೆಯಿಲ್ಲದಿದ್ದರೆ ಅದು ಚರಂಡಿಗೆ ಹರಿದು ತಗ್ಗಿನ ಬಡಾವಣೆಯ ಮನೆಗಳಿಗೆ ನುಗ್ಗುತ್ತದೆ. ಅಂಗಳವನ್ನು ಮುಚ್ಚಿದವರು ಒಬ್ಬರು, ನೆನೆಯುವವರು ಮತ್ತೊಬ್ಬರು, ಇದು ನ್ಯಾಯವಲ್ಲ.

ಈ ಚರಿತ್ರೆಯಿಂದ ನಾವು ಗ್ರಹಿಸಬಹುದಾದುದು ಇಷ್ಟು. ಮನೆ ಕಟ್ಟುವ ನಕ್ಷೆಯಲ್ಲಿಯೇ ಒಂದಿಷ್ಟು ತೆರೆದ ಮಣ್ಣಿಗೆ ಸ್ಥಾನವಿರಲಿ. ನಡೆಯುವೆಡೆಯಲ್ಲಿ ಸಂದು ಬಿಟ್ಟು ಕಲ್ಲು ಹಾಸಿದರೆ ಕಾಲಿಗೂ ಅನುಕೂಲ, ನೀರಿಗೂ ದಾರಿ. ಗೋಡೆ ಬಿರಿಯದಂತೆ ದೊಡ್ಡ ಮರವನ್ನು ದೂರದಲ್ಲಿಡಬೇಕು. ಚಿಕ್ಕ ಅಂಗಳಕ್ಕೆ ಪಾರಿಜಾತವೇ ಸಾಕು. ಕ್ರುಂಬಿಗಲ್ಲರ ಕ್ರಮವನ್ನು ಅನುಸರಿಸಿ, ಬೇಸಗೆಗೆ ಮಲ್ಲಿಗೆ, ಮಳೆಯ ತರುವಾಯ ಪಾರಿಜಾತ, ಚಳಿಗೆ ಸೇವಂತಿಗೆಯೆಂದು ಹಂಚಿಕೊಂಡರೆ ನಾಲ್ಕು ಮೊಳದ ಪಾತಿಯೂ ಬಹುಕಾಲ ಬರಿದಾಗದು.

ಅಂಗಳವು ಮನೆಯವರ ಸ್ವತ್ತು ಹೌದು. ಆದರೆ ಅದರ ನೆರಳು, ಪರಿಮಳಗಳು ಬೀದಿಯಲ್ಲಿ ನಡೆಯುವವರಿಗೂ ಸಲ್ಲುತ್ತವೆ, ಅದು ಹೀರಿದ ನೀರು ಊರಿಗೆಲ್ಲ ಸಲ್ಲುತ್ತದೆ. ಹಿರಿಯರು ಬಾಗಿಲ ಹೊರಗೆ ರಂಗವಲ್ಲಿ ಇಡುತ್ತಿದ್ದುದರಲ್ಲಿ ಈ ಔದಾರ್ಯವಿತ್ತು. ಅದನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು.