ಕಲಿಯುವ ಹುಡುಗರ ಪಗಾರ: ಕಾನೂನು ಕೇಳುವ ಪ್ರಶ್ನೆ ಯಾವುದು?

ಒಂದು ಕಾಲಕ್ಕೆ ಧಾರವಾಡಕ್ಕೆ ಓದಲು ಬಂದ ಬಡ ಹುಡುಗರಿಗೆ ವಾರಾನ್ನವೇ ಆಸರೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಮುಂದೆ ಮುರುಘಾಮಠದ ಪ್ರಸಾದ ನಿಲಯವೂ ಅನೇಕರನ್ನು ಸಾಕಿತು. ಕೈಗೆ ಪಗಾರವೇ ಬಾರದ ಮೇಲೆ ತೆರಿಗೆಯ ಮಾತೆಲ್ಲಿ?

ಆದಾಯ ತೆರಿಗೆ ನಮ್ಮ ದೇಶಕ್ಕೆ ಬಂದದ್ದು 1860ರಲ್ಲಿ. 1857ರ ದಂಗೆಯಿಂದ ಬರಿದಾದ ಖಜಾನೆ ತುಂಬಲು ಬ್ರಿಟಿಷರು ಹಾಕಿದ್ದು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಗಳಿಸುವವರಿಗೆ ತೆರಿಗೆ ಇರಲಿಲ್ಲ. ಇಂದಿಗೂ ನಿಯಮ ಅದೇ ಜಾಡಿನದು: ಪಗಾರ ಪಡೆಯುವವರು ಕಾಲೇಜಿಗೆ ಹೋಗುತ್ತಾರೋ ಇಲ್ಲವೋ ಎಂದು ಕೇಳುವುದಿಲ್ಲ, ಎಷ್ಟು ಗಳಿಸಿದರು ಎಂದು ಕೇಳುತ್ತದೆ.

ಸ್ವಾತಂತ್ರ್ಯದ ನಂತರ ದುಡಿಯುವವರ ಕಾಯಿಲೆ, ಮುಪ್ಪಿಗೆಂದು 1948ರಲ್ಲಿ ಇಎಸ್‌ಐ, 1952ರಲ್ಲಿ ಪಿಎಫ್ ಕಾಯ್ದೆ ಬಂದವು. ಪಗಾರದಲ್ಲಿ ಒಂದಿಷ್ಟು ಕಡಿತ, ಜೊತೆಗೆ ಮಾಲೀಕರ ಪಾಲು.

1961ರಲ್ಲಿ ಕಲಿಯುವವರಿಗೆ ಎರಡು ಬಾಗಿಲು ತೆರೆದವು. ಆ ವರ್ಷದ ಆದಾಯ ತೆರಿಗೆ ಕಾಯ್ದೆ, ಓದಿನ ಖರ್ಚಿಗೆ ಕೊಡುವ ವಿದ್ಯಾರ್ಥಿವೇತನಕ್ಕೆ ತೆರಿಗೆ ಬೇಡ ಎಂದಿತು. ಅದೇ ವರ್ಷದ ಅಪ್ರೆಂಟಿಸ್ ಕಾಯ್ದೆ, ಅಪ್ರೆಂಟಿಸ್ ಎಂದರೆ ಕಾರ್ಮಿಕನಲ್ಲ, ಕಲಿಯುವವ ಎಂದಿತು. ಹಾಗಾಗಿ ಐಟಿಐ ಮುಗಿಸಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿದವರ ಸ್ಟೈಪೆಂಡಿನಲ್ಲಿ ಪಿಎಫ್ ಕಡಿತವಿಲ್ಲ. ಕಡಿತವಿಲ್ಲ ಎಂದರೆ ಉಳಿತಾಯವೂ ಇಲ್ಲ.

ಆದರೆ ಕಾಗದಪತ್ರ ಏನೂ ಇಲ್ಲದೆ, ಬರೀ ಬಾಯಿಮಾತಿಗೆ ‘ಟ್ರೈನಿ’ ಎಂದು ಕರೆದ ಮಾತ್ರಕ್ಕೆ ಮಾಲೀಕರು ಪಿಎಫ್ ಕಟ್ಟುವುದನ್ನು ತಪ್ಪಿಸಿಕೊಳ್ಳುವಂತಿಲ್ಲ. 20 ಜನ ಕೆಲಸ ಮಾಡುವ ಕಡೆ ಪಿಎಫ್, 10 ಜನರಿದ್ದರೆ ಇಎಸ್‌ಐ. ಓದುತ್ತಲೇ ತಿಂಗಳಿಗೆ 10,000 ರೂಪಾಯಿ ಮೂಲ ವೇತನಕ್ಕೆ ದುಡಿಯುವ ಹುಡುಗಿಯ ಪಗಾರದಲ್ಲಿ ಸಾಮಾನ್ಯವಾಗಿ ಪಿಎಫ್‌ಗೆ 1,200, ಇಎಸ್‌ಐಗೆ 75 ರೂಪಾಯಿ ಹೋಗುತ್ತದೆ. ಮಾಲೀಕರೂ ಪಿಎಫ್, ಪಿಂಚಣಿಗೆಂದು 1,200, ಇಎಸ್‌ಐಗೆ 325 ರೂಪಾಯಿ ತುಂಬಬೇಕು.

ಪರೀಕ್ಷೆ ಬಂತೆಂದು ಕೆಲಸ ಬಿಟ್ಟು ಊರಿಗೆ ಬರುವವರು ಯುಎಎನ್ ನಂಬರ್ ಬರೆದಿಟ್ಟುಕೊಂಡು ಬನ್ನಿ. ಆ ಹಣ ನಿಮ್ಮದು. ಆದಾಯ ಮಿತಿಯೊಳಗಿದ್ದೂ ಟಿಡಿಎಸ್ ಕಡಿತವಾಗಿದ್ದರೆ ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು. ಪಿಎಫ್ ಕಚೇರಿ, ಆದಾಯ ತೆರಿಗೆ ಕಚೇರಿ ಎರಡೂ ಹುಬ್ಬಳ್ಳಿಯ ನವನಗರದಲ್ಲೇ ಇವೆ.

ವಾರಾನ್ನ ಉಂಡವರು ಮನೆಯವರ ಋಣ ನೆನೆದರು. ಇದು ಋಣವಲ್ಲ, ದುಡಿದ ಹಣ. ಕೇಳಿ ಪಡೆಯಿರಿ.